ಹತ್ತು ಹುಣಸೆಬೀಜ, ಹತ್ತು ಅವರೆಕಾಳು

ನೀರೊಡೆಯಬಹುದು. ಬಿಪಿ ಏರಬಹುದು. ಹೊಟ್ಟೆಯಲ್ಲಿದ್ದ ಎರಡು ಕೂಸಿಗೂ ಒಂದೇ ಮಾಸು ಇದ್ದದ್ದರಿಂದ ಒಂದರ ಪಾಲನ್ನು ಇನ್ನೊಂದು ಉಂಡು, ಸಣ್ಣದರ ಎದೆಬಡಿತ ನಿಂತೇ ಹೋಗಬಹುದು. ಇವು ಡಾಕ್ಟರು ಹೇಳಿದವು. ನಾನಾಗಿ ಸೇರಿಸಿಕೊಂಡವೂ ಇದ್ದವು: ಥಿಯೇಟರಿಗೆ ಒಯ್ಯುವಾಗ ಲಿಫ್ಟ್ ನಡುವೆ ನಿಲ್ಲಬಹುದು, ಅವತ್ತೇ ಡಾಕ್ಟರ ನಾದಿನಿಯ ಮದುವೆ ಇರಬಹುದು, ಕೂಸುಗಳ ಕೈಗೆ ಕಟ್ಟುವ ಚೀಟಿ ಅದಲುಬದಲಾಗಿ, ಬದುಕಿರುವಷ್ಟು ದಿನ ದೊಡ್ಡದನ್ನು ಚಿಕ್ಕದೆಂದು ಕರೆಯಬೇಕಾಗಬಹುದು. ನಲವತ್ತೊಂದನೇ ವಯಸ್ಸಿಗೆ ಮೊದಲ ಬಸಿರು. ಚಿಂತೆ ಮಾಡುವುದರಲ್ಲಿ ಮಾತ್ರ ನನಗೆ ಹಳೇ ಅನುಭವವಿತ್ತು.

ಆದರೆ ದೆವ್ವ, ಶಕುನ, ಕಾಣದ ಕೈ ಇವುಗಳನ್ನು ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳಿದರೆ ಮುಖ ತಿರುಗಿಸಿ ನಗುತ್ತಿದ್ದೆ. ಈಗ ಇದನ್ನು ಓದಿ ನೀವೂ ನಗಬಹುದು, ಬೇಸರವಿಲ್ಲ.

ಆರು ವರ್ಷದ ಹಿಂದೆ, ಏಳು ತಿಂಗಳು ತುಂಬುವ ಮೊದಲೇ ನನ್ನನ್ನು ತುಮಕೂರಿನ ಒಂದು ಆಸ್ಪತ್ರೆಗೆ ಸೇರಿಸಿದರು. ಹೆರಿಗೆಯಾಗುವವರೆಗೆ ಮನೆಯ ಮಾತಿಲ್ಲ ಎಂದರು. ಗುಬ್ಬಿಯಿಂದ ಬಂದ ಅಮ್ಮ ಕಿಟಕಿಯ ಸರಳಿಗೆ ಹಗ್ಗ ಬಿಗಿದು ಟವೆಲ್ ಒಣಹಾಕಿದ ದಿನ, ಇನ್ನು ಇದೇ ಮನೆ ಎಂದು ಅರ್ಥವಾಯಿತು.

ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ, ಬಲಗಡೆಯ ದೊಡ್ಡ ಕೂಸು ಎಷ್ಟು ಸಲ ಒದೆಯಿತು, ಎಡಗಡೆಯ ಸಣ್ಣದು ಎಷ್ಟು ಸಲ ಒದೆಯಿತು ಎಂದು ಎಣಿಸಬೇಕಿತ್ತು. ಎರಡು ಗಂಟೆಯೊಳಗೆ ಹತ್ತು ಸಲ ಒದ್ದರೆ ಸರಿ ಎಂದಿದ್ದರು. ನಾನು ಕಾಗದದ ಮೇಲೆ ಗೀಟು ಹಾಕುತ್ತ, ಅಳಿಸುತ್ತ, ಗಾಬರಿಯಾಗಿ ದಿನಕ್ಕೆರಡು ಸಲ ಸಿಸ್ಟರನ್ನು ಕೂಗುತ್ತಿದ್ದೆ. ಪ್ರತಿ ಸಲವೂ ಎರಡೂ ಚೆನ್ನಾಗಿಯೇ ಇರುತ್ತಿದ್ದವು.

"ಅಕ್ಕೋ, ಆ ಪೆನ್ನು ಬಿಸಾಕು. ಅದ್ನ ಹಿಡ್ಕಂಡ್ರೇನೇ ನಿಂಗೆ ಬಿಪಿ ಬತ್ತದೆ," ಎಂದಳು ಪಕ್ಕದ ಮಂಚದ ಶಿವಮ್ಮ. ಯಡಿಯೂರು ಕಡೆಯವಳು, ಮೂರನೇ ಬಸಿರು. ಅವಳೇ ಊರಿಂದ ಹತ್ತು ಹುಣಸೆಬೀಜ, ಹತ್ತು ಅವರೆಕಾಳು ತರಿಸಿ ನನ್ನ ಸ್ಟೀಲ್ ಡಬ್ಬಿಗೆ ಹಾಕಿದಳು. "ದೊಡ್ಡದು ಒದ್ರೆ ಹುಣ್ಸೆಬೀಜ ಮುಚ್ಚಳಕ್ಕಾಕು. ಸಣ್ಣದು ಒದ್ರೆ ಅವರೇಕಾಳು. ಒಸಿ ಅವ್ಕೂ ನಿದ್ದೆ ಮಾಡಕ್ಕೆ ಬುಡು."

ಹೀಗೆ ಐದು ವಾರ ಕಳೆಯಿತು. ನಿದ್ದೆ ಎಂಬುದು ನನ್ನ ಕಣ್ಣಿಗೆ ಮರೆತೇಹೋಗಿತ್ತು. ಅವತ್ತು ಅಮ್ಮ ಸ್ನಾನ ಮಾಡಿ ಬರಲು ಗುಬ್ಬಿಗೆ ಹೋಗಿದ್ದಳು. ಶಿವಮ್ಮನನ್ನು ಗಾಲಿಕುರ್ಚಿಯಲ್ಲಿ ಸ್ಕ್ಯಾನಿಂಗಿಗೆ ಕರೆದೊಯ್ದರು. ನಾನು ಸಾರನ್ನ ಉಂಡು, ಇಪ್ಪತ್ತೂ ಕಾಳು ಡಬ್ಬಿಯಲ್ಲಿರುವುದನ್ನು ನೋಡಿ, ಖಾಲಿ ಮುಚ್ಚಳವನ್ನು ದಿಂಬಿನ ಪಕ್ಕ ಇಟ್ಟು ಮಲಗಿದೆ. ಮೊದಲ ಒದೆತಕ್ಕೂ ಮೊದಲೇ ನಿದ್ದೆ ಬಂತು.

ಎಚ್ಚರವಾದಾಗ ಮೂರೂವರೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮುಚ್ಚಳದಲ್ಲಿ ಹುಣಸೆಬೀಜ ಹತ್ತೂ ಇದ್ದವು. ಅವರೆಕಾಳು ಎರಡೇ.

ಇನ್ನೊಂದು ಸಲ ಎಣಿಸಿದೆ. ಆಮೇಲೆ ಬೆಲ್ ಒತ್ತಿದೆ.

"ಏನ್ ಮೇಡಂ, ಇವತ್ತಿನ್ ಕೋಟಾನಾ?" ಎನ್ನುತ್ತ ಸಿಸ್ಟರ್ ಬಂದರು.

ಕಾಳು ಹೇಳುತ್ತಿವೆ ಎಂದರೆ ಬಿಪಿ ನೋಡಿ, ಮಾತ್ರೆ ಕೊಟ್ಟು ಮಲಗಿಸುತ್ತಿದ್ದರು. ಅದಕ್ಕೆ ನಾನು ಸುಳ್ಳು ಹೇಳಿದೆ. "ಎರಡು ಗಂಟೆ ಎಣ್ಸಿದೀನಿ ಸಿಸ್ಟರ್. ಎಡಗಡೇದು ಎರಡೇ ಸಲ ಒದ್ದಿದ್ದು."

ಅವರು ನಿಟ್ಟುಸಿರು ಬಿಟ್ಟು ಎದೆಬಡಿತದ ಮಷಿನ್ ತಂದರು. ಬಲಗಡೆ ಎಂದಿನಂತೆ ಓಟ. ಎಡಗಡೆ ಇಟ್ಟಾಗ ಅವರ ಮುಖದ ನಗು ಹೋಯಿತು. ಬಡಿತ ನಿಧಾನವಾಗಿ ಇಳಿಯುತ್ತಿತ್ತು, ನಿಲ್ಲಲೋ ಬೇಡವೋ ಎಂದು ಕೇಳುವ ಹಾಗೆ. ಮುಂದಿನದೆಲ್ಲ ಓಡಾಟ. ಲಿಫ್ಟ್ ನಿಲ್ಲಲಿಲ್ಲ. ಡಾಕ್ಟರು ಮದುವೆಗೆ ಹೋಗಿರಲಿಲ್ಲ. ವಸಂತನರಸಾಪುರದ ಫ್ಯಾಕ್ಟರಿಯಿಂದ ನಮ್ಮನೆಯವರು ಬರುವಷ್ಟರಲ್ಲಿ ಎರಡೂ ಹುಟ್ಟಿಯಾಗಿತ್ತು. ಎರಡೂ ಅತ್ತವು, ಸಣ್ಣದು ಸ್ವಲ್ಪ ತಡವಾಗಿ.

"ಒಳ್ಳೆ ಟೈಮಿಗೆ ಹೇಳಿದ್ರಿ. ಎಲ್ರೂ ನಿಮ್ ಥರ ಎಣಿಸ್ಬೇಕು," ಎಂದರು ಡಾಕ್ಟರು. ನಾನು ತಲೆಯಾಡಿಸಿದೆ. ಅಷ್ಟು ವಾರ ಎಚ್ಚರವಾಗಿದ್ದು ಎಣಿಸಿ ಕೂಗಿದ್ದೆಲ್ಲ ಸುಳ್ಳಾಗಿತ್ತು. ನಾನು ಎಣಿಸದ ಒಂದೇ ಲೆಕ್ಕ ನಿಜವಾಗಿತ್ತು.

ಶಿವಮ್ಮ ನಾಲ್ಕು ಗಂಟೆಯವರೆಗೂ ಸ್ಕ್ಯಾನಿಂಗ್ ಸಾಲಿನಲ್ಲೇ ಇದ್ದಳು. ಅಮ್ಮ ಗುಬ್ಬಿಯಿಂದ ಬಸ್ಸೇ ಹತ್ತಿರಲಿಲ್ಲ. ನಿದ್ದೆಗಣ್ಣಿನಲ್ಲಿ ನೀನೇ ಹಾಕಿರುತ್ತೀಯ ಎನ್ನುತ್ತಾರೆ ನಮ್ಮನೆಯವರು. ಇರಬಹುದು. ಹಾಗಾದರೆ ಮಲಗಿದ್ದ ನನ್ನ ಕೈಗೆ ಅದನ್ನು ಹೇಳಿದವರು ಯಾರು? ಈ ಪ್ರಶ್ನೆಗೆ ಅವರು ಪೇಪರ್ ತೆಗೆದುಕೊಂಡು ಹೊರಗೆ ಹೋಗುತ್ತಾರೆ.

ಮೇಲಿನ ಪಟ್ಟಿಯಲ್ಲಿದ್ದ ಯಾವುದೂ ಕೊನೆಗೆ ನಮ್ಮನ್ನು ಗೆಲ್ಲಲಿಲ್ಲ. ಕೆಟ್ಟದ್ದೆಂದು ಆದದ್ದು ಒಂದೇ. ಮನೆಗೆ ಬಂದು ಡಬ್ಬಿ ತೆಗೆದಾಗ ಹುಣಸೆಬೀಜ ಹತ್ತಿದ್ದವು, ಅವರೆಕಾಳು ಒಂಬತ್ತು. ಫೋನಿನಲ್ಲಿ ಹೇಳಿದರೆ ಶಿವಮ್ಮ, "ಇನ್ನೊಂದ್ ಹಾಕ್ಕಳಕ್ಕ, ಅವರೇಕಾಳ್ಗೇನ್ ಬರವಾ?" ಎಂದು ನಕ್ಕಳು. ನಾನು ಹಾಕಿಲ್ಲ. ಸಣ್ಣದರ ಬದಲಿಗೆ ಹೋದದ್ದು ಅದೇ ಇರಬಹುದು. ಈಗಲೂ ಆಗಾಗ ತೆಗೆದು ಎಣಿಸುತ್ತೇನೆ. ಒಂಬತ್ತೇ.