ಸ್ಪೇನಿನಲ್ಲಿ ನಾನು ಯಾರಿಗೂ ಚಿಕ್ಕಮ್ಮನಲ್ಲ

ಹಲ್ಲಿನ ಡಾಕ್ಟರ ಕ್ಲಿನಿಕ್ಕು ಮೈಸೂರಿನಲ್ಲಿರಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿರಲಿ, ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಹೊಡೆಯುವುದು ಅದೇ ಲವಂಗದೆಣ್ಣೆಯ ವಾಸನೆ. ಈ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋದ ಅಂಥದೇ ಒಂದು ಕ್ಲಿನಿಕ್ಕಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೇನೆ. ಗಾಬರಿಯಾಗಬೇಡಿ, ಹಲ್ಲು ನನ್ನದಲ್ಲ. ಒಳಗೆ ಬಾಯಿ ತೆರೆದು ಮಲಗಿರುವವಳು ನನ್ನ ಅಕ್ಕನ ಮಗಳು ಇಂಚರ. ಅವಳ ಬುದ್ಧಿಹಲ್ಲುಗಳನ್ನು ಕೀಳುತ್ತಿದ್ದಾರೆ. "ಇದ್ದಿದ್ದೇ ಅಷ್ಟು ಬುದ್ಧಿ, ಅದನ್ನೂ ಕಿತ್ತರೆ ಗತಿಯೇನೇ?" ಎಂದು ಕಾರಿನಲ್ಲಿ ಕೇಳಿದ್ದಕ್ಕೆ ಅವಳು ನಗಲಿಲ್ಲ. ಅರಿವಳಿಕೆ ಕೊಡುವುದರಿಂದ ಒಬ್ಬಳೇ ಮನೆಗೆ ಹೋಗುವಂತಿಲ್ಲ, ಕರೆದುಕೊಂಡು ಹೋಗಲು ಯಾರಾದರೂ ಇರಲೇಬೇಕಂತೆ. ಆ ಯಾರಾದರೂ ನಾನು.

ಎದುರಿನ ಗೋಡೆಯ ಟಿವಿಯಲ್ಲಿ ಸದ್ದಿಲ್ಲದೆ ಪ್ರವಾಸದ ಚಿತ್ರವೊಂದು ಓಡುತ್ತಿದೆ. ಸುಣ್ಣ ಬಳಿದ ಮನೆಗಳು, ಗುಡ್ಡದ ರಸ್ತೆ, ಒಂದು ಬಸ್ಸು, ಕಿಟಕಿಯಲ್ಲಿ ಹಲ್ಲು ಕಿರಿಯುತ್ತಿರುವ ಹುಡುಗ ಹುಡುಗಿಯರು. ನೋಡಿದ್ದೇ ತಡ, ನನಗೆ ಕಿಸಕ್ಕನೆ ನಗು ಬಂತು. ದವಡೆ ಊದಿಸಿಕೊಂಡು ಪಕ್ಕದಲ್ಲಿ ಕೂತಿದ್ದ ಅಜ್ಜ ನನ್ನನ್ನು ಗುರಾಯಿಸಿದರು. ಅವರಿಗೆ ಹೇಳಿ ಪ್ರಯೋಜನವಿಲ್ಲ, ನಿಮಗಾದರೆ ಹೇಳಬಹುದು. ಅಂಥದೇ ಬಸ್ಸಿನಲ್ಲಿ ಅದೇ ರಸ್ತೆಗಳಲ್ಲಿ ನಾನೂ ಹೋಗಿ ಬಂದವಳು ಸ್ವಾಮಿ.

ಕೆಲವು ವರ್ಷಗಳ ಹಿಂದಿನ ಮಾತು. ಇಂಚರ ಆಗ ಬರ್ಕ್ಲಿಯಲ್ಲಿ ಓದುತ್ತಿದ್ದಳು. ಮಾರ್ಚಿನ ರಜೆಗೆ ಲಿಸ್ಬನ್ನಿನಿಂದ ಹೊರಟು ಪೋರ್ಚುಗಲ್ಲಿನ ದಕ್ಷಿಣದ ಕಡಲತೀರ, ಆಮೇಲೆ ಸ್ಪೇನಿನ ಸೆವಿಯ್ಯಾ, ಗ್ರಾನಡಾ ಎಂದು ಸುತ್ತಿಸುವ ಬಸ್ ಟೂರೊಂದನ್ನು ಹುಡುಕಿಕೊಂಡಳು. ಹದಿನೆಂಟರಿಂದ ಮೂವತ್ತೈದರವರೆಗಿನವರಿಗೆ ಮಾತ್ರ. ಅಕ್ಕನಿಗೆ ಮಗಳನ್ನು ತಡೆಯುವ ಧೈರ್ಯವಿಲ್ಲ, ಒಬ್ಬಳನ್ನೇ ಕಳಿಸುವ ಮನಸ್ಸೂ ಇಲ್ಲ. ನನಗೆ ಫೋನು ಮಾಡಿದಳು.

"ನೀನೂ ಹೋಗ್ಬಾರೇ. ನಿಂಗಿನ್ನೂ ಮೂವತ್ತೈದು ತಾನೇ?"

ಆ 'ಇನ್ನೂ' ಎನ್ನುವ ಪದಕ್ಕೆ ನಾನು ಬಿದ್ದುಹೋದೆ. ಇಲ್ಲಿನ ಕನ್ನಡದವರ ಯಾವ ಊಟಕ್ಕೆ ಹೋದರೂ ನನ್ನ ಮೂವತ್ತೈದಕ್ಕೆ ಎಲ್ಲರೂ 'ಆಗ್ಲೇ' ಎಂದೇ ಸೇರಿಸುತ್ತಿದ್ದರು. "ಆಗ್ಲೇ ಮೂವತ್ತೈದಾ?" ಎನ್ನುವುದು, ಹಾಲು ಒಡೆದುಹೋಯಿತೆಂಬಂತೆ ತುಟಿ ಸೊಟ್ಟ ಮಾಡುವುದು. ಅವರ ಮಕ್ಕಳೋ, ನನಗಿಂತ ಎರಡಾಳು ಎತ್ತರದವರು, "ಆಂಟಿ, ಪಾಸ್ ದ ಸಾಂಬಾರ್" ಎನ್ನುವುದು. ಆಂಟಿಯಂತೆ ಆಂಟಿ! ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಆ ವಾರದ ಮೀಟಿಂಗುಗಳನ್ನೆಲ್ಲ ಯಾರ ತಲೆಗೋ ಕಟ್ಟಿ ಹೊರಟುಬಿಟ್ಟೆ.

ಆದರೆ ನಿಜ ಹೇಳಬೇಕೆಂದರೆ ನನಗೆ ಸ್ಪೇನು ಬೇಕಿರಲಿಲ್ಲ, ಆ ಹುಡುಗಿ ಬೇಕಿತ್ತು. ನಾನು ಓದಲೆಂದು ಈ ದೇಶಕ್ಕೆ ಬಂದು ಅಕ್ಕನ ಮನೆಯಲ್ಲಿ ಇಳಿದಾಗ ಇಂಚರ ಇನ್ನೂ ಜಡೆ ಹಾಕಿಸಿಕೊಳ್ಳಲು ಕುಣಿಯುವ ಮಗು. ಸ್ಕೂಲಿನಿಂದ ಕರೆತರುವವಳು ನಾನು, ತುತ್ತಿಗೊಂದು ಸುಳ್ಳುಕತೆ ಹೇಳಿ ಉಣ್ಣಿಸುವವಳು ನಾನು. ಚಿಕ್ಕಮ್ಮ ಎನ್ನುವಷ್ಟು ಪುರುಸೊತ್ತಿಲ್ಲದೆ ಅವಳು ನನ್ನನ್ನು ಚಿಕ್ಕಿ ಮಾಡಿದಳು. ಬರ್ಕ್ಲಿಗೆ ಹೋದಮೇಲೆ ಎಲ್ಲ ನಿಂತುಹೋಯಿತು. ಮೂರು ಸಾಲು ಮೆಸೇಜು ಕಳಿಸಿದರೆ 'ಕೆ' ಎಂದು ಒಂದಕ್ಷರ ಬರುತ್ತಿತ್ತು. ಕಾಗುಣಿತ ಕಲಿಸಿದ ತಪ್ಪಿಗೆ ಆ 'ಕೆ' ನನಗೆ ಗುರುದಕ್ಷಿಣೆ. ಒಂದು ವಾರ ಒಂದೇ ಬಸ್ಸಿನಲ್ಲಿ ಕೂತರೆ ನನ್ನ ಮಗು ನನಗೆ ವಾಪಸ್ಸು ಸಿಕ್ಕೀತು ಎಂಬುದು ನನ್ನ ಆಸೆ. ಬೇರೆ ಯಾವ ಗುಟ್ಟೂ ಇರಲಿಲ್ಲ.

ಏರ್‌ಪೋರ್ಟಿನಲ್ಲಿ ಅವಳು ಹೆಗಲ ಮೇಲೆ ಕೈಯಿಟ್ಟಾಗ ಎದೆ ತುಂಬಿ ಬಂತು. ಬಾಯಿ ತೆರೆದಳು. "ಚಿಕ್ಕೀ, ಒನ್ ಕಂಡಿಷನ್. ಆನ್ ದ ಬಸ್, ಯೂ ಆರ್ ನಾಟ್ ಮೈ ಆಂಟ್, ಓಕೆ?"

"ಮತ್ತೆ ನಾನ್ಯಾರೇ?"

"ಜಸ್ಟ್... ಎ ಪರ್ಸನ್."

"ಆಯ್ತು ಮಹಾತಾಯಿ" ಎಂದೆ. ಅವಳೆದುರು ಅತ್ತರೆ ಆಂಟಿಯಾಗಿಬಿಡುತ್ತೇನೆಂದು ವಿಮಾನದ ಬಚ್ಚಲಿನಲ್ಲಿ ಸ್ವಲ್ಪ ಮೂಗೊರೆಸಿಕೊಂಡೆ. ಮಾತು ಕೊಟ್ಟಾಗಿತ್ತು.

ಲಿಸ್ಬನ್ನಿನಲ್ಲಿ ಬಸ್ಸು ಹತ್ತಿದೆವು. ಅವಳು ಹಿಂದಿನ ಸಾಲು, ನಾನು ಮುಂದಿನ ಸಾಲು. ನಡುವೆ ಬಸ್ಸಿನ ತುಂಬ ಆಸ್ಟ್ರೇಲಿಯಾದವರು, ಕೆನಡಾದವರು, ಎಲ್ಲರೂ ಆಗ ತಾನೇ ಮೊಳೆತವರಂತೆ ಫಳಫಳ. ಗೈಡು ಸ್ಪೇನಿನವನು, ಹೆಸರು ಪಾಕೋ. ಅವನೊಬ್ಬ ವಿಚಿತ್ರ ಆಸಾಮಿ. ನಾನು ಸೀಟ್ ಬೆಲ್ಟು ಹಾಕಿಕೊಂಡರೆ "ಬಲೇ", ನೀರಿನ ಬಾಟಲಿ ತುಂಬಿಸಿಕೊಂಡರೆ "ಬಲೇ ಬಲೇ". ಹುಟ್ಟಿದಾರಭ್ಯ ನನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಸ್ಪೇನಿನಲ್ಲಿ 'ಬಲೇ' ಎಂದರೆ ಬರೀ 'ಸರಿ' ಅಂತ, ನಮ್ಮ ಭಲೇ ಅಲ್ಲ ಎಂದು ಗೊತ್ತಾಗುವಷ್ಟರಲ್ಲಿ ನಾನು ಚೆನ್ನಾಗಿಯೇ ಉಬ್ಬಿದ್ದೆ.

ಎಲ್ಲರೂ ಮೈಕು ಹಿಡಿದು ಹೆಸರು ಹೇಳಬೇಕಿತ್ತು. ನನ್ನ ಹೆಸರು ಸರ್ವಮಂಗಳ. ಅದನ್ನು ಆ ಮೈಕಿನಲ್ಲಿ ಹೇಗಪ್ಪಾ ಹೇಳುವುದು ಎಂದುಕೊಳ್ಳುತ್ತ ಎದ್ದು ನಿಂತು "ಸರ್..." ಎಂದಿದ್ದೇನೆ, ಬಸ್ಸು ತಿರುವಿನಲ್ಲಿ ವಾಲಿತು, ತಲೆಯ ಮೇಲಿನ ಹಲಗೆಯಿಂದ ನನ್ನ ಬ್ಯಾಗು ಜಾರಿತು. ಹಿಂದಿನಿಂದ ಕಿಟಾರನೆ ಕೂಗು ಬಂತು, "ಚಿಕ್ಕೀ! ಬ್ಯಾಗು!"

ನಾನು ತಲೆ ತಗ್ಗಿಸಿದೆ, ಬ್ಯಾಗು ಬಿತ್ತು. ಇಂಚರ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಮುಗಿಯಿತು ಕತೆ ಎಂದುಕೊಂಡೆ. ಆದರೆ ಪಾಕೋ ಕುಣಿದಾಡಿಬಿಟ್ಟ. "ಚಿಕಿ! ನಿನ್ನ ಹೆಸರು ಚಿಕಿ!" ಅವರ ಭಾಷೆಯಲ್ಲಿ ಚಿಕಿ ಎಂದರೆ ಪುಟಾಣಿ, ಮನೆಯ ಕಟ್ಟಕಡೆಯ ಮಗುವನ್ನು ಮುದ್ದಿಗೆ ಕರೆಯುವುದಂತೆ. ಅಂದರೆ ನೋಡಿ, ಆಂಟಿಯಾಗಬಾರದೆಂದು ಓಡಿಬಂದವಳನ್ನು ಇಡೀ ಬಸ್ಸು 'ಪುಟ್ಟಿ' ಎಂದು ಕರೆಯತೊಡಗಿತು. ಅವರು ಕರೆಯುತ್ತಿದ್ದುದು ನಿಜಕ್ಕೂ 'ಚಿಕ್ಕಮ್ಮ' ಎಂದು. ಗೊತ್ತಿದ್ದವರು ನಾವಿಬ್ಬರೇ. ಚಿಕ್ಕಿಗೆ ಪಾಕ ಸರಿಯಾಗಿ ಸಿಕ್ಕಿತು ಎಂದು ಒಬ್ಬಳೇ ನಕ್ಕೆ. ಈ ಜೋಕು ಅರ್ಥವಾಗಬಲ್ಲ ಇನ್ನೊಬ್ಬಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಿಟಕಿ ನೋಡುತ್ತಿದ್ದಳು.

ಪುಟ್ಟಿಯೇನೋ ಆದೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ? ಕಡಲತೀರದ ಊರಿನಲ್ಲಿ ಹುಡುಗರು ಸಂಜೆ ಕುಡಿದು ಬೆಳಿಗ್ಗೆ ಬಾಡಿದ ಸೊಪ್ಪಿನ ಕಟ್ಟುಗಳಂತೆ ಬಸ್ಸಿಗೆ ಬಂದು ಬಿದ್ದರು. ನೋಡಲಾಗಲಿಲ್ಲ. ಅಂಗಡಿಯಿಂದ ಮೊಸರು ತಂದು, ಶುಂಠಿ ಜಜ್ಜಿ, ಉಪ್ಪು ಹಾಕಿ, ನೀರಿನ ಬಾಟಲಿಯಲ್ಲಿ ಕುಲುಕಿ ಮಜ್ಜಿಗೆ ಮಾಡಿಕೊಟ್ಟೆ. ಮಿಚ್ ಎಂಬ ಆಸ್ಟ್ರೇಲಿಯಾದ ಬಡಗಿ ಒಂದು ಗುಟುಕು ಕುಡಿದು ಕಣ್ಣರಳಿಸಿ, "ಚಿಕಿ, ನೀನು ದೇವತೆ" ಎಂದ. ಮರುದಿನದಿಂದ ಬೆಳಿಗ್ಗೆ ನನ್ನ ಸೀಟಿನ ಮುಂದೆ ಸಾಲು. ಒಬ್ಬಳಿಗೆ ಸೊಂಟ ಹಿಡಿದರೆ ಮುಲಾಮು, ಇನ್ನೊಬ್ಬಳಿಗೆ ಹುಡುಗ ಕೈಕೊಟ್ಟರೆ ಸಮಾಧಾನ. "ಅವ್ನು ಹೋದ್ರೆ ಹೋಗ್ಲಿ ಬಿಡೇ" ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ, ಅರ್ಧ ದಮ್ಮೂ ಇರುವುದಿಲ್ಲ. ಕನ್ನಡದಲ್ಲೇ ಹೇಳಿದೆ. ಆ ಹುಡುಗಿ ತಬ್ಬಿಕೊಂಡಳು.

ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಬಸ್ಸಿಗೆಲ್ಲ ಚಿಕ್ಕಿಯಾದೆ, ಯಾರಿಗೆ ಆಗಬೇಕಿತ್ತೋ ಅವಳಿಗೆ ಮಾತ್ರ 'ಪರ್ಸನ್'. ಊಟಕ್ಕೆ ಅವಳು ಬೇರೆ ಮೇಜು. ಫೋಟೋಕ್ಕೆ ನಾನು ಬಂದರೆ ಅವಳು ಇನ್ನೊಂದು ತುದಿ. ಒಮ್ಮೆ ಮಿಚ್‌ನ ಕೈಲಿ ಒಂದು ಬಾಟಲಿ ಮಜ್ಜಿಗೆಯನ್ನು ಹಿಂದಿನ ಸಾಲಿಗೆ ಕಳಿಸಿದೆ. ಬಾಟಲಿ ಖಾಲಿಯಾಗಿ ಬಂತು, ಮಾತು ಬರಲಿಲ್ಲ. ಆ ಖಾಲಿ ಬಾಟಲಿಯನ್ನು ನೋಡಿ ನಾನು ಪಟ್ಟ ಸಂತೋಷ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸೆವಿಯ್ಯಾದಲ್ಲಿ ನನ್ನ ಮರ್ಯಾದೆ ಹೋಯಿತು. ಆ ಊರಿನ ಬೀದಿಬೀದಿಯಲ್ಲೂ ಸಾಲುಮರ, ಮರದ ತುಂಬ ಕಿತ್ತಳೆ. ಎಲ್ಲರೂ ಕಿತ್ತಳೆ ಕಿತ್ತಳೆ ಎಂದು ಫೋಟೋ ತೆಗೆದರು. ನಾನು ಕೆಳಗೆ ಬಿದ್ದದ್ದೊಂದನ್ನು ಎತ್ತಿ ಸಿಪ್ಪೆಗೆ ಉಗುರು ತಾಗಿಸಿ ಮೂಸಿದೆ. ಅಯ್ಯೋ ಶಿವನೇ, ಇದು ಹೇರಳೆಕಾಯಿ! ಒಗ್ಗರಣೆಯಲ್ಲಿ ಹೇರಳೆರಸ ಹಿಂಡಿ ಕಲಸಿದ ಆ ಕಹಿಹುಳಿ ಚಿತ್ರಾನ್ನ ತಿಂದು ಯಾವ ಕಾಲವಾಗಿತ್ತು. ಇಲ್ಲಿನ ಜನ ಅದನ್ನು ತುಳಿದುಕೊಂಡು ಓಡಾಡುತ್ತಿದ್ದಾರೆ! ಹೊಟ್ಟೆ ಉರಿದುಹೋಯಿತು. ನಾವು ಇಳಿದಿದ್ದ ಹಾಸ್ಟೆಲಿನಲ್ಲಿ ಅಡುಗೆಮನೆ ಇತ್ತು, ಅಕ್ಕಿ ಎಲ್ಲಾದರೂ ಸಿಗುತ್ತದೆ. ಪಾಕೋ ಚರ್ಚಿನ ಟಿಕೆಟ್ಟು ತರಲು ಹೋದದ್ದೇ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತೆ. ಕೊಡೆಯ ಹಿಡಿಯಿಂದ ಕೊಂಬೆ ಬಾಗಿಸಿದೆ. ಒಂದು, ಎರಡು, ಆಮೇಲೆ ಎಣಿಸಲಿಲ್ಲ. ದುಪಟ್ಟಾದಲ್ಲಿ ಮಡಿಲು ಕಟ್ಟಿಕೊಂಡಿದ್ದೆ.

ಪೊಲೀಸು ಬಂದ. ಸೈಕಲ್ಲು ನಿಲ್ಲಿಸಿ, ತಲೆಯೆತ್ತಿ ನನ್ನನ್ನು ನೋಡಿ ಕೇಳಿದ, "ಸೋಲಾ?"

ನನಗೆ ಸರ್ರನೆ ಸಿಟ್ಟು ಬಂತು. ಸೋಲೇ? ಮೈಸೂರಿನವಳು ಹೇರಳೆಕಾಯಿಯ ಮುಂದೆ ಸೋಲುವುದೇ? ಕೊಡೆ ಎತ್ತಿ ಗಟ್ಟಿಯಾಗಿ ಹೇಳಿದೆ, "ನೋ ಸೋಲಾ!"

ಸ್ಪೇನಿನಲ್ಲಿ 'ಸೋಲಾ' ಎಂದರೆ 'ಒಬ್ಬಳೇ' ಎಂದಂತೆ. ಜೊತೆಗೆ ಯಾರಾದರೂ ಇದ್ದಾರೆಯೇ ಎಂದು ಆ ಪುಣ್ಯಾತ್ಮ ಕೇಳಿದ್ದಾನೆ. ಒಬ್ಬಳೇ ಅಲ್ಲ ಎಂದು ನಾನು ರಾಜಗಾಂಭೀರ್ಯದಿಂದ ಉತ್ತರ ಕೊಟ್ಟಿದ್ದೇನೆ. ಹಾಗಾದರೆ ಯಾರಿದ್ದಾರೆ ಎಂದು ಅವನು ಸುತ್ತ ನೋಡಿದ. ರಸ್ತೆಯಾಚೆ ನಮ್ಮ ಬಸ್ಸಿನವರೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಒಬ್ಬರಿಗೂ ಸ್ಪಾನಿಷ್ ಬಾರದು, ಹೈಸ್ಕೂಲಿನಲ್ಲಿ ಕಲಿತಿದ್ದ ಒಬ್ಬಳನ್ನು ಬಿಟ್ಟು. ಅವಳು ಎಲ್ಲರ ನಡುವೆ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದಳು. ಪೊಲೀಸು ಕೈಸನ್ನೆ ಮಾಡಿ ಪಾಸ್‌ಪೋರ್ಟು ಕೇಳಿದ. ಅದು ಬಸ್ಸಿನಲ್ಲಿತ್ತು. ನಾನು ಇಂಚರಳ ಕಡೆ ಬೆರಳು ತೋರಿಸಿದ್ದರೆ ಆಗುತ್ತಿತ್ತು. ತೋರಿಸಲಿಲ್ಲ. ಮಾತೆಂದರೆ ಮಾತು. ಪಾರಿವಾಳ ನೋಡಿದೆ, ಗೋಪುರ ನೋಡಿದೆ, ಮಿಚ್‌ನನ್ನೂ ನೋಡಿದೆ. ಅವಳನ್ನು ಮಾತ್ರ ನೋಡಲಿಲ್ಲ. ಜೈಲಿಗೆ ಹೋದರೂ 'ಪರ್ಸನ್' ಆಗಿಯೇ ಹೋಗುತ್ತೇನೆ ಎಂದುಕೊಂಡೆ. ಅವನು ವಾಕಿಟಾಕಿಗೆ ಕೈ ಹಾಕಿದ.

"ಚಿಕ್ಕಮ್ಮಾ!"

ರಸ್ತೆ ದಾಟಿ ಬಿರುಗಾಳಿಯ ಹಾಗೆ ಬಂದಳು. "ಇಳಿ ಕೆಳ್ಗೆ! ಮಾನ ಮರ್ಯಾದೆ ಏನಾದ್ರೂ ಇದ್ಯಾ ನಿಂಗೆ? ಊರೆಲ್ಲಾ ನೋಡ್ತಾ ಇದೆ! ಎಷ್ಟ್ ಸಲ ಹೇಳ್ಬೇಕು, ಕಂಡೋರ ಮರಕ್ಕೆ ಕೈ ಹಾಕ್ಬೇಡ ಅಂತ!"

ಒಂದೇ ಒಂದು ಇಂಗ್ಲಿಷ್ ಪದವಿಲ್ಲ. ಥೇಟ್ ಅಕ್ಕನ ದನಿ, ಅಕ್ಕನ ಹಾಗೇ ಸೊಂಟದ ಮೇಲೆ ಕೈ. ಈ ಹುಡುಗಿಯ ಹೊಟ್ಟೆಯಲ್ಲಿ ಇಷ್ಟೊಂದು ಕನ್ನಡ ಎಲ್ಲಿತ್ತು? ಆಮೇಲೆ ಪೊಲೀಸಿನ ಕಡೆ ತಿರುಗಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಅವನ ಭಾಷೆಯಲ್ಲಿ ಹೇಳಿದಳು, "ಮಿ ತೀಯಾ." ನನ್ನ ಚಿಕ್ಕಮ್ಮ.

ಇದು ತಿನ್ನಲಾಗದಷ್ಟು ಕಹಿ ಎಂದು ಅವನು ವಿವರಿಸಿದನಂತೆ. "ಕಹಿ ಅಂತ್ಲೇ ಬೇಕು ಅಂತ ಹೇಳೇ" ಎಂದೆ. ಅವಳು ಹೇಳಿದಳು. ಅವನು ಒಂದು ಹಣ್ಣು ನನ್ನ ಕೈಗಿಟ್ಟು, ಉಳಿದದ್ದನ್ನು ಮರದ ಬುಡಕ್ಕೆ ಸುರಿಸಿ, ತಲೆ ಆಡಿಸುತ್ತ ಸೈಕಲ್ಲು ಹತ್ತಿದ. ನಾನು ನಡುಬೀದಿಯಲ್ಲಿ ಗೊಳೋ ಎಂದು ಅತ್ತೆ. ಬೈಸಿಕೊಂಡು ಅಷ್ಟು ಸುಖಪಟ್ಟವರು ಲೋಕದಲ್ಲಿ ಇನ್ನೊಬ್ಬರಿಲ್ಲ.

"ಆಂಟಾ? ಚಿಕಿ ನಿನ್ನ ಆಂಟಾ?" ಎಂದು ಮಿಚ್ ತಲೆ ಕೆರೆದುಕೊಂಡ. ನನ್ನ ಯೌವನ ಅಲ್ಲಿಗೆ ಸಮಾಪ್ತಿಯಾಯಿತು. ಟಿಕೆಟ್ಟು ಹಿಡಿದು ಬಂದ ಪಾಕೋ ಕತೆ ಕೇಳಿ ಬೆಂಚಿನ ಮೇಲೆ ಕುಸಿದು ಕೂತು ನಕ್ಕ. ಅವರ ದೇಶದಲ್ಲಿ ಹದಿನೆಂಟರ ಹುಡುಗಿಯರು ಒಬ್ಬರನ್ನೊಬ್ಬರು ಕರೆಯುವುದೇ 'ತೀಯಾ' ಎಂದಂತೆ. ನಮ್ಮಲ್ಲಿ 'ಏನೇ, ಬಾರೇ' ಅನ್ನುವಂತೆ ಅವರಲ್ಲಿ 'ಏನ್ ಚಿಕ್ಕಮ್ಮ, ಬಾ ಚಿಕ್ಕಮ್ಮ'. ಅಲ್ಲ, ಒಂದು ದೇಶದ ಹರೆಯದವರೆಲ್ಲ ಖುಷಿಯಾಗಿ ಆಂಟಿಯರಾಗಿರುವಾಗ ನಾನೊಬ್ಬಳೇ ಯಾಕೆ ಅಷ್ಟು ಒದ್ದಾಡಿದೆನೋ.

ಗ್ರಾನಡಾಕ್ಕೆ ಹೋಗುವಾಗ ಇಂಚರ ಮುಂದಿನ ಸಾಲಿಗೆ ಬಂದು ನನ್ನ ಪಕ್ಕ ಧೊಪ್ಪನೆ ಕೂತಳು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮೆಲ್ಲಗೆ ಹೇಳಿದಳು, "ಎವ್ರಿಬಡಿ ಲೈಕ್ಸ್ ಯೂ ಮೋರ್. ಆಲ್ವೇಸ್. ಅದಕ್ಕೇ ಹಾಗೆ ಹೇಳ್ದೆ." ನನ್ನ ಜೊತೆ ನಿಲ್ಲಲು ಅವಳಿಗೆ ನಾಚಿಕೆ ಎಂದುಕೊಂಡಿದ್ದೆ. ನನ್ನ ಮುಂದೆ ತಾನು ಯಾರಿಗೂ ಕಾಣಿಸುವುದಿಲ್ಲ ಎಂಬ ಹೆದರಿಕೆ ಇವಳಿಗಿತ್ತೆಂದು ಕನಸಿನಲ್ಲೂ ಹೊಳೆದಿರಲಿಲ್ಲ. "ಹುಚ್ಚುಮುಂಡೇದೇ" ಎಂದೆ. ಅವಳು ನನ್ನ ಭುಜದ ಮೇಲೆ ನಿದ್ದೆ ಹೋದಳು, ಜೊಲ್ಲು ಸುರಿಸಿದಳು. ಗ್ರಾನಡಾದ ಅರಮನೆ ಹೇಗಿತ್ತೆಂದು ನನ್ನನ್ನು ಕೇಳಬೇಡಿ. ಮರಗಟ್ಟಿದ ಭುಜ ತಿಕ್ಕಿಕೊಳ್ಳುತ್ತ ಅದರೊಳಗೆಲ್ಲ ನಡೆದದ್ದಷ್ಟೇ ನೆನಪು.

ಕ್ಲಿನಿಕ್ಕಿನ ಟಿವಿಯಲ್ಲಿ ಈಗ ಯಾವುದೋ ಹಿಮದ ನಾಡು ಬಂದಿದೆ. ಅಜ್ಜ ತೂಕಡಿಸುತ್ತಿದ್ದಾರೆ. ಒಳಬಾಗಿಲು ತೆರೆದು ನರ್ಸಮ್ಮ ಇಣುಕಿದಳು. ಅವಳ ಮುಖದ ತುಂಬ ಸಂಕೋಚ. ಅವಳು ಕೂಗಬೇಕಾಗಿದ್ದ ಹೆಸರಿಗೆ ಇಂಗ್ಲಿಷಿನಲ್ಲಿ 'ಥೂ, ಅಸಹ್ಯ' ಎಂಬ ಅರ್ಥವಿದೆ, ಪಾಪ, ಕೂಗುವುದು ಹೇಗೆ?

"ಕ್ಷಮಿಸಿ, ನಮ್ಮ ಪೇಷೆಂಟು ಬಾಯಿ ತುಂಬ ಹತ್ತಿ ಇಟ್ಟುಕೊಂಡು ಯಾರನ್ನೋ ಕರೀತಾನೇ ಇದ್ದಾಳೆ. ಅವರ ಅಮ್ಮನಿಗೆ ಫೋನ್ ಮಾಡ್ಲಾ ಅಂದ್ರೂ ಬೇಡ ಅಂತಾಳೆ. ಇಲ್ಲಿ ಯಾರಾದ್ರೂ..." ದನಿ ತಗ್ಗಿಸಿದಳು, "ಇಕ್ಕಿ ಅಂತ ಇದ್ದಾರಾ?"

ಅಜ್ಜ ಕಣ್ಣು ಬಿಟ್ಟರು. ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬ್ಯಾಗು ಹೆಗಲಿಗೇರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ನಾನೇ ಇಕ್ಕಿ. ಬಂದೆ ಇರಿ."