ಗೋಡೆ ಈಚೆ ಮಿಡತೆ, ಗೋಡೆ ಆಚೆ ರೇಷ್ಮೆ

ಬೆಳಿಗ್ಗೆ ಎದ್ದು ಹಿತ್ತಿಲ ಬಾಗಿಲು ತೆಗೆದರೆ ಹುರುಳಿಕಾಯಿ ಗಿಡದಲ್ಲಿ ಎಲೆಯೇ ಇರಲಿಲ್ಲ. ಬರೀ ನರ ಉಳಿದಿತ್ತು. ಹಿಂದಿನ ಸಂಜೆ ನೀರು ಹಾಕುವಾಗ ಅಂಗೈ ಅಗಲದ ಎಲೆ ಬಿಟ್ಟುಕೊಂಡು ನಿಂತಿದ್ದ ಗಿಡ ಅದು. ಪಕ್ಕದ ದಂಟಿನ ಸೊಪ್ಪಿನ ಮಡಿ ಜರಡಿಯಾಗಿತ್ತು. ದಾಸವಾಳದ ಮೊಗ್ಗನ್ನೂ ಬಿಟ್ಟಿರಲಿಲ್ಲ. ಇಷ್ಟೆಲ್ಲ ತಿಂದ ಮಹಾರಾಯರಲ್ಲಿ ಒಬ್ಬ ಬದನೆ ಎಲೆಯ ಮೇಲೆ ಕೂತು, ನನ್ನನ್ನು ಕಂಡೂ ಕಾಣದವನ ಹಾಗೆ ಇನ್ನೂ ಬಾಯಾಡಿಸುತ್ತಿದ್ದ. ಕಾಲಲ್ಲಿದ್ದ ಚಪ್ಪಲಿ ತೆಗೆದು ಬೀಸಿದೆ. ಮಿಡತೆ ಟಣ್ಣನೆ ಹಾರಿ ಗೋಡೆ ಮೇಲೆ ಹೋಗಿ ಕೂತಿತು. ಏಟು ಬಿದ್ದದ್ದು ಬದನೆ ಗಿಡಕ್ಕೆ. ಅವು ಇನ್ನೂ ತಿಂದು ಮುಗಿಸದೆ ಉಳಿಸಿದ್ದ ಒಂದೇ ಒಂದು ಗಿಡವನ್ನು ನಾನು ನನ್ನ ಕೈಯಾರೆ ಮುರಿದಿದ್ದೆ.

ನಮ್ಮ ಮನೆ ಇರುವುದು ವಿಜಯಪುರದ ಹೊರಗೆ, ದೇವನಹಳ್ಳಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಹಿತ್ತಿಲ ಎಡಕ್ಕೆ ಯಾರೋ ಕೊಂಡು, ತಂತಿ ಬೇಲಿ ಹಾಕಿ, ಬೋರ್ಡು ನೆಟ್ಟು ಮರೆತುಹೋದ ಸೈಟುಗಳು. ಮಳೆಗಾಲ ಬಂತೆಂದರೆ ಅಲ್ಲಿ ಸೊಂಟದೆತ್ತರ ಹುಲ್ಲು. ಮಿಡತೆಗಳು ಹುಟ್ಟುವುದು, ಬೆಳೆಯುವುದು ಅಲ್ಲಿ, ಊಟಕ್ಕೆ ಬರುವುದು ಮಾತ್ರ ನಮ್ಮ ಮನೆಗೆ. ಬಲಕ್ಕೆ ಎದೆಮಟ್ಟದ ಗೋಡೆ. ಗೋಡೆಯಾಚೆ ಪಕ್ಕದ ಮನೆಯವರ ಹಿಪ್ಪುನೇರಳೆ ತೋಟ, ಅದರ ತುದಿಯಲ್ಲಿ ಅವರು ರೇಷ್ಮೆ ಹುಳ ಸಾಕುವ ಹುಳುಮನೆ.

ಈ ಗೋಡೆಯ ವಿಷಯವನ್ನು ಮೊದಲೇ ಹೇಳಿಬಿಡಬೇಕು. ರೇಷ್ಮೆ ಸೊಪ್ಪಿನ ತೋಟದ ಪಕ್ಕದಲ್ಲಿ ಯಾರೂ ಔಷಧಿ ಹೊಡೆಯುವಂತಿಲ್ಲ. ಕಾಗದದಲ್ಲಿ ಯಾರೂ ಬರೆದುಕೊಟ್ಟಿಲ್ಲ, ಆದರೆ ನಮ್ಮ ಕಡೆ ಹುಟ್ಟಿದವರಿಗೆಲ್ಲ ಗೊತ್ತು. ಗಾಳಿಗೆ ಒಂದು ಹನಿ ಹಾರಿ ಆ ಎಲೆ ಮೇಲೆ ಬಿದ್ದರೆ ಸಾಕು, ಅದನ್ನು ತಿಂದ ಹುಳ ಸಾಯುತ್ತದೆ. ಬೇವಿನೆಣ್ಣೆ ಕೂಡದು. ಹೊಗೆಸೊಪ್ಪಿನ ಕಷಾಯವಂತೂ ಕೂಡಲೇ ಕೂಡದು. ನಮ್ಮ ಯಜಮಾನರು ಬಾಯಲ್ಲಿ ಸದಾ ಹೊಗೆಸೊಪ್ಪು ಇಟ್ಟುಕೊಳ್ಳುವವರಾದ್ದರಿಂದ ಅವರಿಗೆ ಆ ಮನೆಯ ಅಂಗಳಕ್ಕೇ ಪ್ರವೇಶವಿಲ್ಲ. ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಗೋಡೆ ಈಚೆ ನಿಂತೇ ಕುಶಲ ಕೇಳಬೇಕು. ಪಕ್ಕದ ಮನೆಯವಳು ನನಗಿಂತ ಬಹಳ ಚಿಕ್ಕವಳು. ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲೇ ಗೋಡೆಯ ಹತ್ತಿರ ಬಂದು, “ಅಕ್ಕ, ನಿಮ್ ಹಿತ್ಲಲ್ಲಿ ಏನೂ ಹೊಡೀಬೇಡ್ರಕ್ಕ, ನಮ್ಗೆ ಹುಳಾನೇ ಎಲ್ಲಾ” ಎಂದಿದ್ದಳು. “ಹೊಡಿಯಲ್ಲ ಹೋಗಮ್ಮ” ಎಂದಿದ್ದೆ. ಅಂದಿನಿಂದ ಒಂದು ಹನಿಯನ್ನೂ ಹೊಡೆದವಳಲ್ಲ.

ಆದರೆ ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೋಡೆಯಾಚೆ ಎಲೆ ತಿನ್ನುವ ಒಂದು ಜಾತಿಗೆ ರಾಜೋಪಚಾರ. ಹೊತ್ತುಹೊತ್ತಿಗೆ ತಾಜಾ ಸೊಪ್ಪು, ಬಾಗಿಲಲ್ಲಿ ಸುಣ್ಣದ ಪುಡಿ, ಅದು ಪೊರೆ ಬಿಡಲು ಮಲಗಿದರೆ “ಹುಳ ಜ್ವರಕ್ಕೆ ಕೂತಿದೆ” ಎಂದು ಮನೆಯವರೆಲ್ಲ ಮೆಲ್ಲಗೆ ಮಾತಾಡುವುದು. ಗೋಡೆಯೀಚೆ ಎಲೆ ತಿನ್ನುವ ಇನ್ನೊಂದು ಜಾತಿ ನನ್ನ ಹಿತ್ತಿಲನ್ನು ಬೋಳಿಸುತ್ತಿದ್ದರೂ ನಾನು ಕೈಕಟ್ಟಿ ನಿಂತಿರಬೇಕು. ಆ ಮಿಡತೆಗಳು ಗೋಡೆ ಹಾರಿ ಅವರ ತೋಟಕ್ಕೂ ಹೋಗುತ್ತಿದ್ದವು. ಅಷ್ಟು ದೊಡ್ಡ ತೋಟದಲ್ಲಿ ನಾಲ್ಕು ಎಲೆ ಹೋದರೆ ಅವರಿಗೇನು? ನನ್ನದು ನಾಲ್ಕು ಮಡಿಯ ಹಿತ್ತಿಲು.

ಉಪದೇಶಕ್ಕೇನೂ ಬರವಿರಲಿಲ್ಲ. ಯಜಮಾನರು ಮೊಬೈಲು ನೋಡಿ ದಿನಕ್ಕೊಂದು ಉಪಾಯ ತರುತ್ತಿದ್ದರು. ಬೂದಿ ಎರಚು ಎಂದರು, ಎರಚಿದೆ. ಸಂಜೆ ಮಳೆ ಬಂದು ತೊಳೆದುಕೊಂಡು ಹೋಯಿತು. ಬೆಳ್ಳುಳ್ಳಿ ಮೆಣಸಿನಕಾಯಿ ಅರೆದು ಹೊಡಿ ಎಂದರು. “ನಿಮ್ ತಲೆ ಮೇಲೆ ಹೊಡೀತೀನಿ ತಾಳಿ, ಹುಳುಮನೆ ಪಕ್ದಲ್ಲೇ ಇರೋದು ಮರ್ತೋಯ್ತಾ?” ಎಂದೆ. ಕೊನೆಗೆ ತಲೆ ಕೆಟ್ಟು, ಒಂದು ದಿನ ಪೇಟೆಯ ಔಷಧಿ ಅಂಗಡಿಗೇ ಹೋದೆ. ರೇಷ್ಮೆಗೆ ತೊಂದರೆಯಾಗದಂಥದ್ದು ಏನಾದರೂ ಇದ್ದೀತೆಂದು ಆಸೆ. ಅಂಗಡಿಯವನು ಬಾಟಲಿಗೆ ಕೈ ಹಾಕುವ ಮೊದಲೇ, “ಪಕ್ಕದಲ್ಲಿ ಸೊಪ್ಪಿನ ತೋಟ ಐತಾ?” ಎಂದು ಕೇಳಿದ. ಇದೆ ಎಂದೆ. “ಹಂಗಾದ್ರೆ ಸುಮ್ನೆ ಹೋಗಮ್ಮ” ಎಂದು ಕೈ ಮುಗಿದ. ಬರಿಗೈಲಿ ಬರಲು ಮನಸ್ಸಾಗದೆ ಒಂದು ಪೊಟ್ಟಣ ದಂಟಿನ ಬೀಜ ಕೊಂಡು ಬಂದೆ. ಮಿಡತೆಗಳಿಗೆ ಮುಂದಿನ ಊಟ.

ಉಳಿದದ್ದು ಒಂದೇ ದಾರಿ, ಕೈಯಲ್ಲಿ ಹಿಡಿಯುವುದು. ಬಿಸಿಲೇರಿದ ಮೇಲೆ ಮಿಡತೆಯನ್ನು ಹಿಡಿಯಲು ಹೋಗುವವನು ಹುಚ್ಚ. ಮುಂಜಾನೆ ಇಬ್ಬನಿಯಲ್ಲಿ ರೆಕ್ಕೆ ಒದ್ದೆಯಾಗಿ, ಮೈ ಮರಗಟ್ಟಿ ಕೂತಿರುತ್ತವೆ. ಹರಿದ ಸೊಳ್ಳೆ ಪರದೆಯನ್ನು ಮಡಿಯ ಮೇಲೆ ಮೆಲ್ಲಗೆ ಹಾಸುವುದು, ಒಳಗೆ ಕೈ ಹಾಕಿ ಒಂದೊಂದನ್ನೇ ಹಿಡಿದು ಸೋಪಿನ ನೀರಿನ ಬಕೆಟ್ಟಿಗೆ ಹಾಕುವುದು. ಹೇಳಿದಷ್ಟು ಸುಲಭವಲ್ಲ. ಹಿಂಗಾಲಿನಲ್ಲಿ ಗರಗಸದಂಥ ಮುಳ್ಳು, ಒದ್ದರೆ ಬೆರಳು ಕೊಯ್ಯುತ್ತದೆ. ಬಾಯಿಂದ ಕಂದು ರಸ ಕಕ್ಕಿ ಕೈಯೆಲ್ಲ ನಾತ. ಸೊಂಟ ಬಿದ್ದುಹೋಗುತ್ತಿತ್ತು. ಹಿಡಿದಷ್ಟೂ ಮರುದಿನ ಹೊಸ ದಂಡು ಬರುತ್ತಿತ್ತು. ನಾನು ಬೈಯುವುದು ಬೀದಿಗೆಲ್ಲ ಕೇಳುತ್ತಿತ್ತಂತೆ. ಯಜಮಾನರಿಂದ ತಂತಿ ಬೇಲಿಯಂಚಿನ ಹುಲ್ಲನ್ನು ಕುಯ್ಯಿಸಿದೆ. ಗೌರಿ ಹಬ್ಬದಿಂದ ಹಿಡಿದು ಮಹಾಲಯ ಅಮಾವಾಸ್ಯೆಯವರೆಗೆ ನನಗೆ ಬೇರೆ ಬೆಳಗು ಎಂಬುದೇ ಇರಲಿಲ್ಲ.

ದಸರಾ ಹೊತ್ತಿಗೆ ಗೆದ್ದೆ. ದಂಟು ಮೊಣಕಾಲೆತ್ತರ ಬಂತು, ಒಂದು ಎಲೆಯಲ್ಲೂ ತೂತಿಲ್ಲ. ಹುರುಳಿಕಾಯಿ ಮತ್ತೆ ಚಿಗುರಿತು. ದಾಸವಾಳ ಹೂ ಬಿಟ್ಟಿತು. ಬಂದವರನ್ನೆಲ್ಲ ಕಾಫಿ ಕೊಡುವ ಮೊದಲೇ ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ.

ಆ ವಾರವೇ ಪಕ್ಕದವರ ಹುಳ ಸತ್ತವು.

ನಾಲ್ಕನೇ ಜ್ವರ ಎದ್ದು, ಗೂಡು ಕಟ್ಟುವ ಮೊದಲು ಹುಚ್ಚೆದ್ದು ತಿನ್ನುವ ಹೊತ್ತು ಅದು. ಬೆಳಿಗ್ಗೆ ಅವಳು ಕೂಗಿಕೊಂಡದ್ದು ಕೇಳಿ ಗೋಡೆಯ ಹತ್ತಿರ ಓಡಿದೆ. ಹುಳ ತಲೆ ಎತ್ತಿ, ಹಸಿರು ನೀರು ಕಕ್ಕಿ, ಮೈ ತಿರುಚಿಕೊಂಡು ಬಿದ್ದಿವೆ ಎಂದು ಅವಳ ಗಂಡ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಆ ಗುರುತು ಯಾವುದರದ್ದೆಂದು ನನಗೂ ಗೊತ್ತು. ರೋಗಕ್ಕೆ ಸಾಯುವ ಹುಳ ಹಾಗೆ ಸಾಯುವುದಿಲ್ಲ. ವಿಷ. ಮೊರದಲ್ಲಿ ತುಂಬಿ ತುಂಬಿ ತಂದು ಗುಂಡಿಗೆ ಸುರಿಯುತ್ತಿದ್ದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ಕೂತುಬಿಟ್ಟಿದ್ದಳು. ನನಗೂ ಕಣ್ಣು ತುಂಬಿತು.

ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಗೋಡೆಯ ಹತ್ತಿರ ಬಂದರು. ಸಮಾಧಾನ ಹೇಳೋಣ ಎಂದು ನಾನು ಬಾಯಿ ತೆರೆಯುವ ಮೊದಲೇ ಅವನ ಕಣ್ಣು ನನ್ನ ಹಿತ್ತಿಲಿನ ಮೇಲಿತ್ತು.

“ಅಕ್ಕ, ಮಿಡತೆ ಎಲ್ಲ ಎಲ್ಲಿ ಹೋದ್ವು?” ಎಂದ.

“ಹಿಡ್ದು ಸಾಯಿಸ್ದೆ.”

“ಅಷ್ಟನ್ನೂ?”

“ಅಷ್ಟನ್ನೂ. ಕೈಯಲ್ಲಿ.”

ಅವನು ಹೆಂಡತಿಯ ಮುಖ ನೋಡಿದ. ನಿಜ ಹೇಳುತ್ತೇನೆ, ಆ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಊರಿಗೆಲ್ಲ ಕೇಳುವಂತೆ ಮಿಡತೆ ಮಿಡತೆ ಎಂದು ಬೊಬ್ಬೆ ಹಾಕಿದವಳು ನಾನು. ಈಗ ಮಿಡತೆ ಇಲ್ಲ, ಅವರ ಹುಳವೂ ಇಲ್ಲ.

“ತಪ್ಪು ತಿಳ್ಕೋಬೇಡಿ. ಪೇಟೇಲಿ ಔಷಧಿ ಅಂಗಡಿ ಮುಂದೆ ನಿಮ್ಮನ್ನ ನೋಡ್ದೋರು ಹೇಳಿದ್ರು” ಎಂದ.

ಬಕೆಟ್ಟು ತಂದು ತೋರಿಸಿದೆ, ಬೆರಳಿನ ಗಾಯ ತೋರಿಸಿದೆ, ಸೊಳ್ಳೆ ಪರದೆ ತೋರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತೋರಿಸಿದಷ್ಟೂ ನಾನೇ ಕಳ್ಳಿಯಾಗುತ್ತಿದ್ದೆ. ಕೊನೆಗೆ ಒಂದು ಹಿಡಿ ದಂಟಿನ ಸೊಪ್ಪು ಕಿತ್ತು, ತೊಳೆಯದೆ ಬಾಯಿಗೆ ತುರುಕಿಕೊಂಡು ಅವರೆದುರಿಗೇ ಅಗಿದೆ. “ಔಷಧಿ ಹೊಡ್ದಿದ್ರೆ ಇದನ್ನ ತಿಂತಿದ್ನಾ ನಾನು?”

“ನೀವು ಮನುಷ್ಯರು, ತಡ್ಕೋತೀರ. ಅದು ಹುಳ ಕಣಕ್ಕ” ಎಂದು ಅವನು ತಿರುಗಿ ನಡೆದ. ಅವಳೂ ನನ್ನ ಕಡೆ ನೋಡದೆ ಅವನ ಹಿಂದೆಯೇ ಹೋದಳು. ಅವನ ಮಾತಿಗಿಂತ ಅದು ನನ್ನನ್ನು ಸುಟ್ಟಿತು. ಅವಳ ಎರಡು ಬಾಣಂತನಕ್ಕೂ ಸಬ್ಬಸಿಗೆ ಸೊಪ್ಪು ಹೋದದ್ದು ಇದೇ ಹಿತ್ತಿಲಿಂದ, ಇದೇ ಗೋಡೆಯ ಮೇಲಿಂದ.

ಆಚೆ ದಿಬ್ಬದ ದ್ರಾಕ್ಷಿ ತೋಟದವರು ಆ ದಿನಗಳಲ್ಲೇ ಪಂಪು ಹಚ್ಚಿ ಹೊಡೆದಿದ್ದರು, ಗಾಳಿಯೂ ಆ ಕಡೆಯಿಂದಲೇ ಬೀಸುತ್ತಿತ್ತು ಎಂದು ಯಜಮಾನರು ಹೇಳಿದರು. ಇದ್ದೀತು. ಆದರೆ ದ್ರಾಕ್ಷಿ ತೋಟದವನು ದೊಡ್ಡ ಕುಳ. ಅವನನ್ನು ಕೇಳುವವರು ಯಾರು? ಬಡವಿಯ ದಂಟಿನ ಮಡಿ ಕಣ್ಣೆದುರಿಗೇ ಇತ್ತಲ್ಲ.

ಪಕ್ಕದವರು ತೋಟದ ಹಳೇ ಸೊಪ್ಪನ್ನೆಲ್ಲ ಕೊಯ್ದು ಚೆಲ್ಲಿ, ಹುಳುಮನೆ ತೊಳೆದು, ದೀಪಾವಳಿ ಕಳೆದ ಮೇಲೆ ಹೊಸ ಹುಳದ ಮರಿ ತಂದರು. ಸೊಪ್ಪು ಕೊಯ್ಯಲು ದಿನಾ ಅವಳೇ ಬರುತ್ತಿದ್ದಳು. ಆ ತುದಿಯಿಂದ ಸಾಲುಸಾಲಾಗಿ ಕೊಯ್ಯುತ್ತ ಬಂದು ನನ್ನ ಗೋಡೆಗೆ ಎರಡು ಸಾಲು ಇರುವಾಗ ನಿಲ್ಲಿಸಿ ಹೊರೆ ಕಟ್ಟಿಬಿಡುತ್ತಿದ್ದಳು. ಮೊದಲ ದಿನ ಗಮನಿಸಲಿಲ್ಲ. ಆಮೇಲೆ ತಿಳಿಯಿತು, ನನ್ನ ಗೋಡೆ ಪಕ್ಕದ ಸೊಪ್ಪೆಂದರೆ ಅವಳಿಗೆ ವಿಷ. ತೋಟವೆಲ್ಲ ಬೋಳಾದರೂ ಆ ಎರಡು ಸಾಲು ಮಾತ್ರ ಹಾಗೇ ಬೆಳೆದು, ಬಲಿತು, ಹಳದಿಯಾಗಿ ನನ್ನ ಕಡೆಗೇ ಎಲೆ ಉದುರಿಸತೊಡಗಿದವು. ದಿನಾ ಬೆಳಿಗ್ಗೆ ಆ ಎಲೆಗಳನ್ನು ಗುಡಿಸುವುದು ನನ್ನ ಪಾಲಿನ ಕೆಲಸವಾಯಿತು. ಬಾಯಿ ಬಿಟ್ಟು ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ನಿಂತ ಗಿಡದ ಜೊತೆ ಹೇಗೆ ಜಗಳವಾಡುವುದು?

ಅಷ್ಟರಲ್ಲಿ ಸೈಟಿನ ಹುಲ್ಲು ಒಣಗುತ್ತ ಬಂದಿತ್ತು, ಹಸಿದ ಮಿಡತೆಗಳು ಮತ್ತೆ ಹಿತ್ತಿಲಿಗೆ ಇಳಿದವು. ಯಜಮಾನರು ಬೆಳಿಗ್ಗೆ ಬಕೆಟ್ಟಿಗೆ ಸೋಪು ಕದಡಿ ತಂದಿಟ್ಟರು. ನಾನು ಅದನ್ನು ಎತ್ತಿ ಚರಂಡಿಗೆ ಸುರಿದೆ.

“ಯಾಕೆ, ಹಿಡಿಯಲ್ವಾ?” ಎಂದರು.

“ಹಿಡಿಯಲ್ಲ. ತಿನ್ಲಿ. ಅವ್ಳಿಗೆ ಕಾಣೋ ಹಂಗೆ ತಿನ್ಲಿ.”

ತಿಂದವು. ಮೊದಲು ದಂಟು, ಆಮೇಲೆ ಹುರುಳಿಕಾಯಿ, ಆಮೇಲೆ ದಾಸವಾಳ. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಎದ್ದು ಹೋಗಿ ಹಿಡಿಯಬೇಕೆಂದು ಕೈ ತುರಿಸುತ್ತಿತ್ತು. ಇಷ್ಟು ದಿನ ನೀರು ಹೊತ್ತು ಬೆಳೆಸಿದ ಗಿಡ ಕಣ್ಣೆದುರು ಬೋಳಾಗುವುದನ್ನು ಸುಮ್ಮನೆ ನೋಡುವುದು ಎಷ್ಟು ಕಷ್ಟ ಎಂಬುದನ್ನು ಅನುಭವಿಸಿದವರೇ ಬಲ್ಲರು. ಆದರೂ ಏಳಲಿಲ್ಲ.

ಒಂದು ಬೆಳಿಗ್ಗೆ ಅವಳು ಎಂದಿನಂತೆ ಕುಡುಗೋಲು ಹಿಡಿದು ಬಂದಳು. ಕೊಯ್ಯುತ್ತ ಕೊಯ್ಯುತ್ತ ಆ ಎರಡು ಸಾಲಿನ ಹತ್ತಿರ ಬಂದು ನಿಂತಳು. ಗೋಡೆಯ ಮೇಲೆ ಸಾಲಾಗಿ ಮಿಡತೆಗಳು ಬಿಸಿಲು ಕಾಯುತ್ತಿದ್ದವು. ಅವಳು ಕತ್ತೆತ್ತಿ ನನ್ನ ಹಿತ್ತಿಲನ್ನು ಬಹಳ ಹೊತ್ತು ನೋಡಿದಳು. ತೂತು ಬಿದ್ದ ದಂಟು, ನರ ಉಳಿದ ಹುರುಳಿಕಾಯಿ, ಬೋಳು ದಾಸವಾಳ, ಅದರ ನಡುವೆ ಮೆಟ್ಟಿಲ ಮೇಲೆ ಕೂತ ನಾನು. ಆಮೇಲೆ ಬಗ್ಗಿ, ಗೋಡೆಗೆ ತೀರ ಅಂಟಿಕೊಂಡಿದ್ದ ಸಾಲಿನ ತುದಿಯ ಎಳೆಸೊಪ್ಪನ್ನು ಕೊಯ್ದು ಹೊರೆಗೆ ಸೇರಿಸಿದಳು. ಇನ್ನೊಂದು ಸಾಲನ್ನೂ ಕೊಯ್ದಳು. ಹೊರೆ ಎತ್ತಿ ತಲೆಯ ಮೇಲೆ ಇಟ್ಟುಕೊಂಡು, ಹೋಗುವ ಮೊದಲು ನನ್ನ ಕಡೆ ತಿರುಗಿದಳು. ದಸರಾ ಕಳೆದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

“ಅಯ್ಯೋ ಅಕ್ಕ, ಹಿಂಗೆ ತಿಂದ್ಹಾಕ್ಬಿಟ್ಟಿವೆಯಲ್ಲ. ಬೆಳಿಗ್ಗೆ ಎದ್ದು ಕೈಯಲ್ಲಿ ಹಿಡೀಬಾರ್ದಾ?”

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. “ಹಿಡೀತೀನಿ ಬಿಡಮ್ಮ” ಎಂದೆ. ಅವಳು ಸಮಾಧಾನದಿಂದ ಹೊರೆ ಹೊತ್ತು ಹುಳುಮನೆಯ ಕಡೆ ನಡೆದಳು. ಇಷ್ಟು ವರ್ಷ ಪಕ್ಕದಲ್ಲಿ ಬಾಳಿದ ನನ್ನ ಮಾತನ್ನು ಅವಳು ನಂಬಲಿಲ್ಲ, ಮಿಡತೆಗಳನ್ನು ನಂಬಿದಳು.