ಬಾಚಿ ನೆಕ್ಕಿದ ದಸ್ತಗೀರ್ ಸಾಬರು

ದಸ್ತಗೀರ್ ಸಾಬರು ಕಬ್ಬಿಣವನ್ನು ನೆಕ್ಕುತ್ತಿದ್ದರು. ಮಳವಳ್ಳಿಯ ಅವರ ಕುಲುಮೆ ಅಂಗಡಿಗೆ ಯಾರ ಮನೆಯ ಹಳೇ ಉಳಿ, ಕುಡುಗೋಲು ಬರಲಿ, ತುಕ್ಕಿನ ಮೇಲೆ ಉಗುಳಿ, ಹೆಬ್ಬೆರಳಲ್ಲಿ ತಿಕ್ಕಿ, ನಾಲಿಗೆಯ ತುದಿ ಇಟ್ಟು ನೋಡುವರು. ಆಮೇಲೆ ಅದೇ ಬೆರಳಲ್ಲಿ ಎಲೆಗೆ ಸುಣ್ಣ ಸವರಿಕೊಳ್ಳುವರು. ಮಕ್ಕಳೇ, ಅದನ್ನು ನೋಡಿದರೆ ನನಗೆ ಹೇಸಿಗೆ. ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಲ್ಲುತ್ತಿದ್ದೆ.

ಅವರಿಗೂ ಹಳೇ ಹತಾರ ಕೆಡಿಸುವ ನಮ್ಮಂಥವರನ್ನು ಕಂಡರೆ ಅಷ್ಟೇ ಹೇಸಿಗೆ. ಒಬ್ಬಾತ ಮುತ್ತಾತನ ಕೊಡಲಿಗೆ ಬೆಳ್ಳಿ ಬಣ್ಣ ಬಳಿದು ತಂದಿದ್ದ. "ಎಣಕ್ಕೆ ಪೌಡರ್ ಮೆತ್ದಂಗೆ ಮೆತ್ತಿದ್ದೀಯಲ್ಲಲಾ, ತೂ!" ಎಂದು ಬೀದಿಗೆಸೆದರು.

ನಿಮ್ಮ ತಾತ ತೀರಿಕೊಂಡ ವರ್ಷ, ಅವರ ಪೆಟ್ಟಿಗೆಯಲ್ಲಿದ್ದ ಬಾಚಿಯನ್ನು ಸಾಬರ ಹತ್ತಿರ ಒಯ್ದೆ. ನೇಗಿಲು ಕೆತ್ತಲು ತಾತನ ಅಪ್ಪ ಮಾಡಿಸಿದ್ದು. ನಿಮ್ಮಪ್ಪ ಗುಜರಿಗೆ ಹಾಕುತ್ತೇನೆಂದು ಕೂತಿದ್ದ. ಮತ್ತೆ ಮರ ಕೆತ್ತಿದರೆ ಮಾತ್ರ ಅದು ಮನೆಯಲ್ಲಿ ಉಳಿಯುತ್ತಿತ್ತು.

ಸಾಬರು ಉಗುಳಿದರು, ತಿಕ್ಕಿದರು, ನೆಕ್ಕಿದರು. ಬಾಚಿಯ ಹರಿತವಾದ ಬಾಯಿಯ ಹತ್ತಿರ ಸಣ್ಣ ಗೆರೆ ತೋರಿಸಿದರು. "ನೋಡಮ್ಮ, ಮೈ ಕಬ್ಬಿಣ, ಬಾಯಿ ಉಕ್ಕು. ಎರಡ್ನೂ ಕಾಯ್ಸಿ ಬೆಸೆದವ್ನೆ. ಈಗ ಯಾವನು ಮಾಡ್ತಾನೆ?" ಅರದಿಂದ ಉಜ್ಜಿದರೆ ಆ ಉಕ್ಕು ಬೆಣ್ಣೆಯಂತೆ ಸವೆಯಿತು. ಅವರ ಮುಖ ಕಹಿಯಾಯಿತು. "ಬೆಂಕಿಗೆ ಉಕ್ಕಿನ ಹದ ಓಗ್ಬುಟ್ಟದೆ. ಇದ್ನ ಒಲೆಗಾಕಿದ್ದು ಯಾರು?"

ತುಕ್ಕು, ಜಿಡ್ಡು ಸುಟ್ಟುಹೋಗಲೆಂದು ಹಿಂದಿನ ದಿನ ಕೆಂಡದಲ್ಲಿ ಇಟ್ಟವಳು ನಾನೇ. ಅಂಗಡಿ ಮುಂದೆ ನಾಲ್ಕು ಜನ ನಿಂತಿದ್ದರು. "ನಮ್ಮ ಸೊಸೆ" ಎಂದುಬಿಟ್ಟೆ.

ವಾರದ ಮೇಲೆ ನಿಮ್ಮಮ್ಮ ಗೆಜ್ಜಲಗೆರೆಯ ಕೆಲಸಕ್ಕೆ ರಜೆ ಹಾಕಿ, ಸ್ಕೂಟರಿನಲ್ಲಿ ನನ್ನನ್ನು ಕರೆದೊಯ್ದಳು. ಸಾಬರು ಬಾಚಿಯನ್ನು ಕೆಂಪಗೆ ಕಾಯಿಸಿ, ನೀರಲ್ಲಿ ಅದ್ದಿ, ಮತ್ತೆ ಮೆಲ್ಲಗೆ ಕಾಯಿಸಿ ಒಣಹುಲ್ಲಿನ ಬಣ್ಣಕ್ಕೆ ತಂದು ಹದ ಕೂರಿಸಿದ್ದರು. ಬೇವಿನ ತುಂಡಿಗೆ ಒಂದೇಟು ಹಾಕಿದರು. ತೆಳ್ಳನೆ ಚಕ್ಕೆ ಎದ್ದಿತು. ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಅವರು ನಿಮ್ಮಮ್ಮನ ಕಡೆ ತಿರುಗಿದರು.

"ನೀನೇ ಏನವ್ವ ಸೊಸೆ? ಮಾವನ ಬಾಚೀನ ಬದನೆಕಾಯಿ ಅಂದ್ಕೊಂಡ್ಯಾ ಸುಡಕ್ಕೆ? ನಿಮ್ಮವ್ವ ಇದ್ನೇಯಾ ಕಲ್ಸಿದ್ದು?"

ನಿಂತಿದ್ದವರೆಲ್ಲ ನಕ್ಕರು. ನಿಮ್ಮಮ್ಮ ನನ್ನನ್ನು ನೋಡಿದಳು. ನಾನು ಚೀಲದ ಬಾಯಿ ಕಟ್ಟುತ್ತಿದ್ದೆ.

"ತಪ್ಪಾಯ್ತು ಬುಡಿ ಸಾಬ್ರೇ," ಎಂದಳು.

ನಮ್ಮೂರು ಆತಗೂರು ಸೇರುವವರೆಗೂ ಅವಳು ಆಡಿದ್ದು ಒಂದೇ ಮಾತು: "ಅತ್ತೆ, ಸೆರಗು ಚಕ್ರಕ್ಕೆ ಸಿಕ್ಕೀತು, ಎತ್ಕೊಳ್ಳಿ." ಬೈದಿದ್ದರೆ ಆಗುತ್ತಿತ್ತು. ಅವತ್ತು ನನಗೆ ಊಟ ಸೇರಲಿಲ್ಲ. ನನ್ನ ಮೇಲೇ ಹೇಸಿಗೆ.

ಸಾಬರಿಗೆ ನಿಜ ಹೇಳಿಬಿಡಬೇಕೆಂದು ಈ ವರ್ಷ ಒಬ್ಬಳೇ ಬಸ್ಸು ಹತ್ತಿ ಹೋದೆ. ಅಂಗಡಿ ಮುಚ್ಚಿತ್ತು. ಪಕ್ಕದ ಪಂಚರ್ ಅಂಗಡಿಯವರು, "ಸಾಬ್ರು ತೀರ್ಕೊಂಡು ಮೂರು ತಿಂಗ್ಳಾಯ್ತು ಕಣಮ್ಮ. ಸಾಣೆಗೆ ಏನಾದ್ರೂ ಕೊಟ್ಟಿದ್ರಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

ಬಾಚಿ ಸುಟ್ಟವಳು ಸೊಸೆ ಎಂದೇ ತಿಳಿದು ಸಾಬರು ಹೋದರು. ನೀವು ಹಾಗೆ ತಿಳಿಯಬೇಡಿ. ಇದನ್ನು ನಿಮ್ಮಮ್ಮನ ಎದುರಿಗೆ ಗಟ್ಟಿಯಾಗಿ ಓದಿ. ನಾನು ಅಡುಗೆಮನೆಯಲ್ಲಿರುತ್ತೇನೆ.